ಒಳಕೋಣೆಯ ಧೈವತ

ದೆವ್ವ ಭೂತಗಳ ಮಾತು ಬಂದಾಗ ಸುಮ್ಮನಿರುವ ಪೈಕಿ ನಾನಲ್ಲ. ತಾನೇ ನುಡಿಯುವ ವಾದ್ಯದ ಕಥೆಯನ್ನು ಯಾರಾದರೂ ಶುರು ಮಾಡಿದರೆ ಮೊದಲು ನಗುತ್ತಿದ್ದೆ. ಅವರು ನಿಲ್ಲಿಸದಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದೆ. ಅದಕ್ಕೆ ಕಾರಣವೂ ಇತ್ತು. ನನ್ನ ಹೊಟ್ಟೆಪಾಡೇ ಹಾರ್ಮೋನಿಯಂ ರಿಪೇರಿ. ನಮ್ಮ ಕಡೆ ಅದನ್ನು ಪೇಟಿ ಎನ್ನುತ್ತಾರೆ. ಗೋಕಾಕದ ಪೇಟೆಯಲ್ಲಿ, ಕರದಂಟಿನ ಅಂಗಡಿಯೊಂದರ ಮಗ್ಗುಲಿಗೆ ಅಪ್ಪ ನಡೆಸುತ್ತಿದ್ದ ಸಣ್ಣ ಅಂಗಡಿಯನ್ನು ಅವರ ನಂತರ ನಾನು ನಡೆಸುತ್ತಿದ್ದೇನೆ. ಭೂತ ಹೊಕ್ಕಿದೆ ಎಂದು ಜನ ಹೊತ್ತು ತಂದ ಪೇಟಿಗಳನ್ನು ಬಿಚ್ಚಿ ಬಿಚ್ಚಿ ನನ್ನ ಕೈ ಪಳಗಿದೆ. ಒಳಗೆ ಸಿಕ್ಕಿದ್ದು ಹಲ್ಲಿಯ ಮೊಟ್ಟೆ, ಜಿರಲೆ, ಊದಿನಕಡ್ಡಿಯ ತುಂಡು, ಒಮ್ಮೆ ಯಾರದೋ ಮೂಗುತಿ. ಭೂತ ಮಾತ್ರ ಈವರೆಗೆ ಸಿಕ್ಕಿಲ್ಲ.

ತುಕ್ಕಾನಟ್ಟಿಯ ಕುರುಬರ ಮನೆಯೊಂದರಲ್ಲಿ ಭಜನಾ ಮಂಡಳಿಯ ಪೇಟಿ ಯಾರೂ ಮುಟ್ಟದೆ ನರಳುತ್ತದೆ ಎಂದು ಓಣಿಗೆ ಓಣಿಯೇ ಹೆದರಿತ್ತು. ಮನೆಯ ಹಿರಿಯ ಅದಕ್ಕೆ ಭಂಡಾರದ ಅರಿಶಿನ ಹಚ್ಚಿ, ಕಾಯಿ ಒಡೆದು, ಕೊನೆಗೆ ನನ್ನನ್ನು ಕರೆಸಿದ್ದ. ಬಿಚ್ಚಿ ನೋಡಿದರೆ ಏನಿದೆ! ಪೇಟಿಯನ್ನು ಕಂಬಳಿಗಳ ಮೇಲೆ ಇಡುತ್ತಿದ್ದರು. ಉಣ್ಣೆಯ ಎಳೆಯೊಂದು ಒಳಗೆ ಸೇರಿ ಒಂದು ಮನೆ, ಅಂದರೆ ಬೆರಳಿಂದ ಒತ್ತುವ ಪಟ್ಟಿ, ಪೂರ್ತಿ ಮುಚ್ಚುತ್ತಿರಲಿಲ್ಲ. ಬಾರಿಸಿದವರು ತಿದಿಯಲ್ಲಿ ಗಾಳಿ ಬಿಟ್ಟೇ ಎದ್ದುಹೋಗುತ್ತಿದ್ದರು. ಆ ಗಾಳಿ ಸೋರಿ ಹೋಗುವಾಗ ನರಳಿದ ಸದ್ದು ಬರುತ್ತಿತ್ತು. ಎಳೆಯನ್ನು ಹಿರಿಯನ ಅಂಗೈ ಮೇಲೆ ಇಟ್ಟು, "ತಗೋರಿ ಯಜ್ಜಾ, ದೆವ್ವ ನಿಮ್ಮ ಹಟ್ಟ್ಯಾಗಿಂದನ ಬಂದೈತಿ" ಎಂದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಕಥೆಯನ್ನು ನಾನು ಊರೂರಲ್ಲಿ ಹೇಳಿಕೊಂಡು ತಿರುಗಿದ್ದೇನೆ.

ಅಂಥವಳು ಈಗ ಇದನ್ನು ಬರೆಯುತ್ತಿದ್ದೇನೆ. ನೀವು ನಕ್ಕರೆ ನನಗೆ ಬೇಸರವಿಲ್ಲ, ನಂಬದಿದ್ದರೂ ನಡೆದೀತು. ಈ ಘಟನೆಯಿಂದ ನನ್ನಲ್ಲಿ ಉಳಿದಿರುವುದು ಹೆದರಿಕೆಯಲ್ಲ, ನಾಚಿಕೆ. ಹೆದರಿಕೆಯಾದರೆ ನಾಲ್ಕು ಜನರಿಗೆ ಹೇಳಿ ಹಗುರಾಗಬಹುದು. ನಾಚಿಕೆಯನ್ನು ಹೇಳಿಕೊಂಡಷ್ಟೂ ಅದು ಹೆಚ್ಚುತ್ತದೆ ಎಂದು ಇಷ್ಟು ವರ್ಷ ಬಾಯಿ ಬಿಟ್ಟಿರಲಿಲ್ಲ.

ಕೆಲಸದ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕಾರ್ಖಾನೆಯಿಂದ ಬರುವ ಪೇಟಿಯಲ್ಲಿ ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿರುತ್ತಾರೆ. ಅಣ್ಣತಮ್ಮಂದಿರ ಹೊಲ ಪಾಲು ಮಾಡಿದ ಹಾಗೆ, ಯಾರಿಗೂ ಪೂರ್ತಿ ಸಮಾಧಾನವಿಲ್ಲ, ಯಾರೂ ಕೋರ್ಟಿಗೆ ಹೋಗುವುದಿಲ್ಲ. ಹಾಡುವ ದನಿ ಹಾಗಲ್ಲ. ಷಡ್ಜ ಪಂಚಮಗಳು ಕದಲುವುದಿಲ್ಲ, ಉಳಿದ ಸ್ವರಗಳಿಗೆ ತುಸು ಮೇಲೆ ತುಸು ಕೆಳಗೆ ಬೇರೆ ಬೇರೆ ನೆಲೆಗಳಿವೆ. ಹಿರಿಯರು ಅವನ್ನು ಇಪ್ಪತ್ತೆರಡು ಶ್ರುತಿ ಎಂದು ಎಣಿಸಿದ್ದಾರೆ. ತಂಬೂರಿಯ ಜೊತೆ ಹಾಡುವವರ ಗಾಂಧಾರ ಪೇಟಿಯ ಗಾಂಧಾರಕ್ಕಿಂತ ಕೂದಲೆಳೆ ಕೆಳಗೆ ನಿಲ್ಲುತ್ತದೆ. ಕಿವಿ ಸೂಕ್ಷ್ಮವಿದ್ದವರಿಗೆ ಆ ಕೂದಲೆಳೆಯೇ ಕಣ್ಣಲ್ಲಿ ಬಿದ್ದ ಕಸವಾಗುತ್ತದೆ.

ಅಂಥವರಿಗಾಗಿ ನಾನು ಪೇಟಿಯ ಸ್ವರ ಬದಲಿಸಿ ಕೊಡುತ್ತೇನೆ. ಪ್ರತಿ ಮನೆಯ ಕೆಳಗೂ ಹಿತ್ತಾಳೆಯ ತೆಳು ನಾಲಿಗೆ ಇರುತ್ತದೆ, ರೀಡು. ಅದರ ತುದಿಯನ್ನು ಕೆರೆದರೆ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ. ಹಾಡುವವರು ಒಂದು ಸ್ವರವನ್ನು ಆ ಎಂದು ಎಳೆದು ಆಕಾರದಲ್ಲಿ ಹಿಡಿಯಬೇಕು, ನಾನು ಅದೇ ಮನೆ ಒತ್ತಬೇಕು. ಎರಡಕ್ಕೂ ಅಂತರವಿದ್ದರೆ ನಡುವೆ ವಂ ವಂ ಎಂದು ಅಲೆ ಏಳುತ್ತದೆ. ಕೆರೆಯುತ್ತ ಹೋದಂತೆ ಅಲೆ ನಿಧಾನವಾಗುತ್ತದೆ, ಕೂಡಿದ ಗಳಿಗೆ ನಿಂತುಬಿಡುತ್ತದೆ. ಹೀಗೆ ಒಬ್ಬರ ದನಿಗೆ ಹೊಂದಿಸಿದ ಪೇಟಿ ಇನ್ನೊಬ್ಬರಿಗೆ ಆಗುವುದಿಲ್ಲ, ಅಳತೆ ಕೊಟ್ಟು ಹೊಲಿಸಿದ ಕುಪ್ಪಸದ ಹಾಗೆ.

ಅಪ್ಪ ಕಲಿಸಿದ ಒಂದು ಪದ್ಧತಿ ಇದೆ. ಸ್ವರ ಹೊಂದಿಸುವಾಗ ಹಾಡುವವರ ಮುಖ ನೋಡಬಾರದು. "ಮಾರಿ ನೋಡಿ ಸುರ ಹಚ್ಚಬ್ಯಾಡವಾ. ಮಾರಿ ಕಿವೀಗೆ ಲಂಚಾ ಕೊಡತೈತಿ" ಎನ್ನುತ್ತಿದ್ದರು. ಹಾಡುವವರು ನಕ್ಕು ತಲೆದೂಗಿದರೆ ಕೂಡದ ಸ್ವರವೂ ಕೂಡಿದಂತೆ ಅನ್ನಿಸಿಬಿಡುತ್ತದೆ. ಅದಕ್ಕೇ ಅವರನ್ನು ಪಕ್ಕದ ಕೋಣೆಯಲ್ಲಿ ಕೂರಿಸುವುದು, ಇಲ್ಲವೇ ನಾವೇ ಬೆನ್ನು ಹಾಕಿ ಕೂರುವುದು. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹಾಡುಗಾರರಿಗೆಲ್ಲ ನನ್ನ ಈ ವೈಖರಿ ಗೊತ್ತು. ಇದರ ಬಗ್ಗೆ ನನಗೆ ಜಂಭವೂ ಇತ್ತು.

ಕೆಲವು ವರ್ಷಗಳ ಹಿಂದೆ, ಹಿಂಗಾರಿ ಬಿತ್ತನೆ ಮುಗಿದ ದಿನಗಳಲ್ಲಿ, ಹುಕ್ಕೇರಿಯಿಂದ ಒಬ್ಬರು ಫೋನ್ ಮಾಡಿದರು. ಹೆಸರು ಪಾರೀಸ. ಸಂಕೇಶ್ವರದ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಮೂಡಲಗಿಯ ಸಂಗೀತ ಮಾಸ್ತರರೊಬ್ಬರು ನನ್ನ ನಂಬರ್ ಕೊಟ್ಟಿದ್ದರಂತೆ. ಜೈನರ ಮನೆ. ತಾಯಿಯನ್ನು ಆಯಿ ಎನ್ನುತ್ತಿದ್ದರು.

"ನಮ್ಮ ಆಯಿಯ ದನಿಗೆ ಪೇಟಿ ಹೊಂದಿಸಿ ಕೊಡಬೇಕ್ರಿ ಅಕ್ಕಾರ. ಈಗಿನ ಪೇಟಿ ಆಕೀಗೆ ಸೇರವಲ್ದು. ನಾ ಬಾರಿಸಾಕ ಕುಂತ್ರ ಮಾರಿ ತಿರುವಿಕೊಂಡ ಮಲಗತಾಳ" ಎಂದರು.

ಹಾಡುವ ಮುದುಕಿಯರ ಹಟ ನನಗೆ ಹೊಸದಲ್ಲ. ಒಳಗೊಳಗೇ ನಕ್ಕು, ಬರುತ್ತೇನೆಂದೆ. ಹೆಚ್ಚು ಏನೂ ವಿಚಾರಿಸಲಿಲ್ಲ. ಮಾಸ್ತರರು ಎಲ್ಲ ಹೇಳಿರುತ್ತಾರೆಂದು ಅವರು ತಿಳಿದಿದ್ದರು, ಹೇಳುವಂಥದ್ದೇನೂ ಇಲ್ಲವೆಂದು ನಾನು ತಿಳಿದಿದ್ದೆ.

ಹುಕ್ಕೇರಿಯಲ್ಲಿ ಬಸ್ಸಿಳಿದು ಮನೆ ಹುಡುಕಿ ಹೋದಾಗ ಮಧ್ಯಾಹ್ನದ ಊಟದ ಹೊತ್ತು ದಾಟಿತ್ತು. ಪಾರೀಸ ಅವರ ಹೆಂಡತಿ ಸುಜಾತಾ ಬಾಗಿಲು ತೆರೆದರು. ಕಾಲಿಗೆ ನೀರು, ಕುಡಿಯಲು ಚಹಾ ಕೊಟ್ಟು ನಡುಮನೆಯಲ್ಲಿ ಚಾಪೆ ಹಾಸಿ ಪೇಟಿ ತಂದಿಟ್ಟರು. "ಅವರು ಶಿಫ್ಟ್ ಮುಗಿಸಿ ಹೊತ್ತು ಮುಣಗೂದ್ರೊಳಗ ಬರ್ತಾರ್ರಿ. ಬರೂತನಕಾ ಬಿಚ್ಚಿ ಧೂಳಾ ಹೊಡದು ಇಟ್ಟಿರ್ರಿ ಅಂದಾರ. ಅತ್ತಿಯವರು ಒಳಗ ಅದಾರ. ಎಚ್ಚರ ಅದಾರ" ಎಂದು ಹೇಳಿ ಹಿತ್ತಿಲಿಗೆ ಹೋದರು. ಅಲ್ಲಿ ಶೇಂಗಾ ಬಳ್ಳಿ ರಾಶಿ ಬಿದ್ದಿತ್ತು, ಕಾಯಿ ಬಿಡಿಸುವ ಕೆಲಸ ನಡೆದಿತ್ತು.

ಕರೆಂಟು ಇರಲಿಲ್ಲ. ಫ್ಯಾನು ನಿಂತಿದ್ದರಿಂದ ನನಗೆ ಅನುಕೂಲವೇ ಆಯಿತು. ಪೇಟಿ ಬಿಚ್ಚಿ ಧೂಳು ಹೊಡೆದೆ. ಅದು ಜೋಡಿ ರೀಡಿನ ಪೇಟಿ, ಒಂದು ಮನೆ ಒತ್ತಿದರೆ ಎರಡು ನಾಲಿಗೆ ನುಡಿಯುತ್ತವೆ. ಒಂದು ಸಾಲಿಗೆ ಕಾಗದ ತುರುಕಿ ಬಾಯಿ ಮುಚ್ಚಿಸಿದೆ, ಅಲೆ ಕೇಳುವಾಗ ಗೊಂದಲವಾಗಬಾರದಲ್ಲ. ಎಲ್ಲ ಮುಗಿದ ಮೇಲೆ ಮಗ ಬರಲಿ ಎಂದು ಸುಮ್ಮನೆ ಕೂರಬಹುದಿತ್ತು. ಆದರೆ ನನಗೆ ಸಂಜೆಯ ಬಸ್ಸು ಹಿಡಿಯುವ ಅವಸರ. ಹಾಡುವವರು ಒಳಗೇ ಇದ್ದಾರೆ, ಎಚ್ಚರವಿದ್ದಾರೆ, ಇನ್ನು ಕಾಯುವುದು ಯಾರಿಗಾಗಿ?

ಒಳಕೋಣೆಯ ಬಾಗಿಲಿಗೆ ಪರದೆ ಇಳಿಬಿಟ್ಟಿತ್ತು. ಪದ್ಧತಿಯಂತೆ ಅದಕ್ಕೆ ಬೆನ್ನು ಹಾಕಿ ಕುಳಿತು ದನಿ ಎತ್ತರಿಸಿ ಹೇಳಿದೆ: "ಅವ್ವಾರ, ಷಡ್ಜ ಕೊಡ್ರಿ. ಎಲ್ಲಿಂದ ಹಾಡ್ತೀರಿ?" ಉತ್ತರ ಬರಲಿಲ್ಲ. ಕಪ್ಪು ಮನೆಗಳಲ್ಲಿ ಐದನೆಯದನ್ನು, ಕಪ್ಪು ಐದನ್ನು, ಒತ್ತಿದೆ. ಒಳಗೆ ಸದ್ದಿಲ್ಲ. ಕಪ್ಪು ನಾಲ್ಕು ಒತ್ತಿದೆ. ಆಗಲೂ ಇಲ್ಲ. ಕಪ್ಪು ಮೂರಕ್ಕೆ ಇಳಿದಾಗ ಪರದೆಯ ಆಚೆಯಿಂದ ದನಿ ಬಂತು. ಆಕಾರದಲ್ಲಿ, ತೆಳ್ಳಗೆ, ಎಲ್ಲೂ ಬಾಗದೆ. ವಯಸ್ಸಾದ ಹೆಂಗಸಿನ ದನಿ, ಆದರೆ ಅದರಲ್ಲಿ ಮುಪ್ಪಿನ ಕೆಮ್ಮು ಕಫ ಇರಲಿಲ್ಲ. ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ ಎಂದು ಒತ್ತಿ ಹೇಳುತ್ತೇನೆ. ಮೈ ಜುಮ್ಮೆನ್ನಲಿಲ್ಲ, ಗಾಳಿ ತಣ್ಣಗಾಗಲಿಲ್ಲ. ಒಳಗಿದ್ದವರು ಹಾಡಿದರು, ಹೊರಗಿದ್ದವಳು ಕೆಲಸ ಶುರು ಮಾಡಿದಳು, ಅಷ್ಟೇ.

ರಿಷಭ ಬೇಗ ಕೂಡಿತು. ಗಾಂಧಾರಕ್ಕೆ ಬುಡದಲ್ಲಿ ಸ್ವಲ್ಪ ಕೆರೆಯಬೇಕಾಯಿತು. ನಾನು ಹಿಡಿಯಿರಿ ಎಂದರೆ ದನಿ ಹಿಡಿಯುತ್ತಿತ್ತು, ಸಾಕು ಎಂದರೆ ನಿಲ್ಲುತ್ತಿತ್ತು. ಅಷ್ಟು ಹೇಳಿದಂತೆ ಕೇಳುವ ಹಾಡುಗಾರರನ್ನು ನಾನು ನೋಡಿಲ್ಲ. ಸಾಮಾನ್ಯವಾಗಿ ನಡುವೆ ತಮ್ಮ ಗುರುಗಳ ಕಥೆ ಹೇಳುತ್ತಾರೆ, ನೀರು ಕೇಳುತ್ತಾರೆ, ಒಂದು ತಾನ ಹೊಡೆದು ತೋರಿಸುತ್ತಾರೆ. ಇಲ್ಲಿ ಅದೊಂದೂ ಇಲ್ಲ. ಅವರು ಮಾತಾಡದ್ದಕ್ಕೆ ಅವರ ಪಾಲಿನದನ್ನೂ ನಾನೇ ಆಡಿದೆ. ನನ್ನ ನಾಲಿಗೆಗೆ ಎಲುಬಿಲ್ಲ.

ಧೈವತಕ್ಕೆ ಬಂದಾಗ ತಕರಾರು ಶುರುವಾಯಿತು. ಅದರ ನೆಲೆ ನನಗೆ ಗೊತ್ತಿತ್ತು, ನೂರಾರು ಸಲ ಹಚ್ಚಿದ್ದೇನೆ. ಅಲ್ಲಿಗೆ ತಂದು ನಿಲ್ಲಿಸಿ ಮನೆ ಒತ್ತಿದೆ. ಒಳಗಿನ ದನಿ ನಿಂತುಹೋಯಿತು. ತುಸು ಹೊತ್ತು ಬಿಟ್ಟು ಮತ್ತೆ ಬಂತು, ನನ್ನ ಸ್ವರಕ್ಕಿಂತ ಕೆಳಗೆ. ಅಲೆ ಎದ್ದಿತು. ಇನ್ನಷ್ಟು ಕೆರೆದೆ. ದನಿ ಇನ್ನೂ ಕೆಳಗೇ ಇತ್ತು. "ಅವ್ವಾರ, ಇಷ್ಟ ಇಳಿಸಿದ್ರ ಅದು ಶುದ್ಧಾನೂ ಅಲ್ಲ, ಕೋಮಲಾನೂ ಅಲ್ಲ, ನಡುಬರಕ ಆಗತೈತ್ರಿ" ಎಂದು ವಾದಿಸಿದೆ. ದನಿ ಜಗ್ಗಲಿಲ್ಲ. ನಾನೂ ಹಟಕ್ಕೆ ಬಿದ್ದೆ. "ನಿಮ್ಮ ದನಿ ನಡಗಾಕತ್ತೈತಿ, ಗಟ್ಟಿ ಹಿಡೀರಿ" ಎಂದೆ. ನಡುಗುತ್ತಿರಲಿಲ್ಲ, ಸುಮ್ಮನೆ ಅಂದೆ. "ಉಸರ ಕಡಿಮಿ ಬೀಳಾಕತ್ತೈತಿ ನಿಮಗ, ಇನ್ನಷ್ಟ ಉದ್ದ ಎಳೀರಿ" ಎಂದೂ ಅಂದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ. ನಾನಂತೂ ಮರೆಯಲಾರೆ.

ದನಿ ಉದ್ದವಾಯಿತು. ನನ್ನ ಕೈಯಲ್ಲಿ ತಿದಿಯ ಗಾಳಿ ಮುಗಿದರೂ ಅದು ಮುಗಿಯಲಿಲ್ಲ. ಸೋತು, ಅದು ಹೇಳಿದಲ್ಲಿಗೇ ಧೈವತವನ್ನು ತಂದೆ. ಅಲೆ ನಿಂತಿತು. ಎರಡು ಸದ್ದು ಒಂದಾದವು. ನನಗೆ ಅದು ಬೇಸುರು ಎಂದೇ ಅನ್ನಿಸಿತ್ತು. ಆದರೆ ಪಂಚಮದಿಂದ ಅದಕ್ಕೆ ಹೋಗಿ ಮತ್ತೆ ಇಳಿದಾಗ, ಅಯ್ಯೋ, ಅಳು ಬರುವಷ್ಟು ಹಿತವಾಗಿತ್ತು. ನಿಷಾದವನ್ನೂ ಮುಗಿಸಿ, ಕಾಗದ ತೆಗೆದು ಜೋಡಿ ರೀಡನ್ನು ಅದರಂತೆ ಕೂಡಿಸಿದೆ. "ಗೆದ್ರಿ ಬಿಡ್ರಿ ಅವ್ವಾರ" ಎಂದು ಒಳಕ್ಕೆ ಕೂಗಿ ಹೇಳಿದೆ. ಉತ್ತರ ಬರಲಿಲ್ಲ. ದಣಿದು ಮಲಗಿರಬೇಕು ಅಂದುಕೊಂಡೆ.

ಪಾರೀಸ ಬಂದಾಗ ಬಿಸಿಲು ಇಳಿದಿತ್ತು. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಮನೆ. ಸುಜಾತಾ ಒಲೆಯ ಮುಂದಿನಿಂದ ಎದ್ದು ಬಂದರು. ಪಾರೀಸ ಕೈಕಾಲು ತೊಳೆದು ಬಂದು ನನ್ನೆದುರು ಕುಳಿತು, "ನಾ ಹಾಡಾಂವ ಅಲ್ರಿ. ಆದ್ರ ಆಯಿ ಹ್ಯಾಂಗ ಅಂತಿದ್ಲು ಅಂತ ಗುಣಗುಣ ಮಾಡಿ ತೋರಸ್ತೇನಿ. ಅದನ್ನ ಕೇಳಿ ಹೊಂದಸ್ರಿ" ಎಂದರು.

ಅಂತಿದ್ಲು ಎಂಬ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ನಾನು ನನ್ನ ಸಂಭ್ರಮದಲ್ಲಿದ್ದೆ. "ಎಲ್ಲಾ ಮುಗದೈತ್ರಿ ಅಣ್ಣಾರ! ಆಯಿಯವರ ಹಿಡದ್ರಲ್ಲ. ಏನ್ ದನಿ, ಏನ್ ದಮ್ಮು! ಈ ವಯಸ್ಸಿನ್ಯಾಗ ಇಷ್ಟ ಉದ್ದ ಉಸರ ನಾ ಎಲ್ಲೂ ಕಂಡಿಲ್ಲ. ಧೈವತಕ್ಕ ನನ್ನ ಕೂಡ ಜಗಳಾ ಮಾಡಿ ಗೆದ್ರು ನೋಡ್ರಿ" ಎಂದು ನಕ್ಕೆ.

ಸುಜಾತಾ ನೆಲ ನೋಡಿದರು. ಪಾರೀಸ ನನ್ನನ್ನೇ ನೋಡುತ್ತ ಕುಳಿತರು. ಮುಖದ ಬಣ್ಣ ಇಳಿಯುವುದನ್ನು ನಾನು ಕಣ್ಣಾರೆ ಕಂಡೆ. ಆಮೇಲೆ ಮೆಲ್ಲಗೆ ಕೇಳಿದರು: "ನಮ್ಮನ್ನ ನೋಡಿ ನಗಾಕ ಬಂದೀರೇನ್ರಿ ಅಕ್ಕಾರ?"

ಎದ್ದುಹೋಗಿ ಪರದೆ ಸರಿಸಿದರು.

ಮಂಚದ ಮೇಲೆ ಅವರ ಆಯಿ ಪದ್ಮಕ್ಕ ಮಲಗಿದ್ದರು. ಸಣ್ಣ ಜೀವ, ಎಣ್ಣೆ ಹಚ್ಚಿ ಬಾಚಿದ ಬಿಳಿಗೂದಲು. ಬಾಯಿ ಒಂದು ಕಡೆಗೆ ಎಳೆದಿತ್ತು. ಲಕ್ವಾ, ಅಂದರೆ ಪಾರ್ಶ್ವವಾಯು, ಹೊಡೆದು ವರ್ಷಗಳಾಗಿದ್ದವು. ಕುತ್ತಿಗೆಯ ಕುಳಿಯಲ್ಲಿ ತೂತು ಮಾಡಿ ಉಸಿರಾಟಕ್ಕೆ ನಳಿಗೆ ಹಾಕಿದ್ದರು, ಸುತ್ತ ಬಿಳಿ ಬಟ್ಟೆ ಕಟ್ಟಿತ್ತು. ಉಸಿರು ಮೂಗಿನಿಂದಲೂ ಅಲ್ಲ, ಬಾಯಿಂದಲೂ ಅಲ್ಲ, ಆ ನಳಿಗೆಯಿಂದ ಸುಯ್ ಸುಯ್ ಎಂದು ಹೋಗಿ ಬರುತ್ತಿತ್ತು. ಲಕ್ವಾ ಹೊಡೆದ ದಿನದಿಂದ ಅವರು ಒಂದು ಅಕ್ಷರ ಆಡಿರಲಿಲ್ಲ. ನರಳುವ ಸದ್ದು ಕೂಡ ಬಂದಿರಲಿಲ್ಲ.

ಇನ್ನಷ್ಟು ಉದ್ದ ಎಳೆಯಿರಿ ಎಂದು ನಾನು ಗದರಿದ್ದು ಆ ಉಸಿರಿಗೆ. ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಈಗ ಬರೆಯುವಾಗಲೂ ಕಿವಿ ಬಿಸಿಯಾಗುತ್ತಿದೆ. ತಪ್ಪಾಯಿತು ಎಂದೆ, ಗೊತ್ತಿರಲಿಲ್ಲ ಎಂದೆ, ಆದರೂ ದನಿ ಕೇಳಿದ್ದು ಖರೆ ಎಂದು ಸೇರಿಸಿದೆ. ಆ ಕೊನೆಯ ಮಾತಿನಿಂದ ಗಾಯಕ್ಕೆ ಉಪ್ಪು ಸವರಿದಂತಾಯಿತು. "ಸಾಕ್ರಿ" ಎಂದರು ಅವರು. ಸುಜಾತಾ ನಡುವೆ ಬಂದು, ಹಿತ್ತಿಲಲ್ಲಿ ತಮಗೆ ಕೇಳಿದ್ದು ಪೇಟಿಯ ಸದ್ದು ಮಾತ್ರ ಎಂದರು. ಆಮೇಲೆ ಏನೋ ನೆನಪಾದವರಂತೆ, "ಎರಡ ಪೇಟಿ ಬಾರಿಸಿದಂಗ ಕೇಳತಿತ್ರಿ ಮತ್ತ" ಎಂದರು. ಗಂಡ ಅವರತ್ತ ತಿರುಗಿ ನೋಡಿದ್ದಕ್ಕೆ ನನ್ನ ಚಹಾದ ಲೋಟ ಎತ್ತಿಕೊಳ್ಳಲು ಬಗ್ಗಿದರು.

ನಾನು ರೀಡು ಕೆರೆಯುವ ಕಾನಸು, ಇಕ್ಕಳಗಳನ್ನು ಚೀಲಕ್ಕೆ ತುಂಬುತ್ತಿದ್ದಾಗ ಪಾರೀಸ ಪೇಟಿಯ ಮುಂದೆ ಕುಳಿತರು. ನನ್ನ ಸುಳ್ಳನ್ನು ಹಿಡಿದು ತೋರಿಸಬೇಕೆಂದೇ ಕುಳಿತರೆಂದು ಕಾಣುತ್ತದೆ. ಅವರದು ಕಲಿತ ಕೈಯಲ್ಲ. ತಾಯಿ ಮಾತು ಕಳೆದುಕೊಂಡ ಮೇಲೆ, ತಾಯಿಯ ಹಾಡನ್ನು ತಾಯಿಗೆ ಕೇಳಿಸಬೇಕೆಂದು ನಲವತ್ತು ದಾಟಿದ ವಯಸ್ಸಿನಲ್ಲಿ ಮಾಸ್ತರರ ಹತ್ತಿರ ಹೋಗಿ ಕಲಿತದ್ದು. ದಿನಾ ಬೆಳಿಗ್ಗೆ ಮಂಚದ ಪಕ್ಕ ಕುಳಿತು ಬಾರಿಸುವುದು, ಆಕೆ ಗೋಡೆಗೆ ಮುಖ ಮಾಡುವುದು. ಬಸದಿಯ ಪೂಜೆಯಲ್ಲಿ ಆಯಿ ಹಾಡಿದ ಒಂದು ವಿಡಿಯೋ ಫೋನಿನಲ್ಲಿದ್ದರೂ ಅದರಲ್ಲಿ ಡೋಲು ಮೈಕುಗಳ ಗದ್ದಲವೇ ಹೆಚ್ಚು. ಆಯಿ ನನ್ನ ಮೇಲೆ ಸಿಟ್ಟಾಗಿದ್ದಾಳೆ, ಯಾವುದಕ್ಕೋ ಗೊತ್ತಿಲ್ಲ, ಎಂದು ಅವರು ಎಷ್ಟೋ ದಿನ ಉಂಡ ಅನ್ನ ಮೈಗೆ ಹತ್ತದೆ ಕೊರಗಿದ್ದರಂತೆ. ಇದೆಲ್ಲ ನನಗೆ ಆಮೇಲೆ ತಿಳಿಯಿತು. ಆಗ ಕಂಡದ್ದು, ಸಿಟ್ಟಿನಲ್ಲಿ ಮನೆಗಳನ್ನು ಒತ್ತುವ ಒಬ್ಬ ಗಂಡಸು.

ಒಂದು ಆರತಿಯ ಸಾಲನ್ನು ಶುರು ಮಾಡಿದರು. ಗಾಂಧಾರದಲ್ಲಿ ಕೈ ನಿಧಾನವಾಯಿತು. ಧೈವತ ಬಂದಾಗ ನಿಂತೇಬಿಟ್ಟಿತು. ಮತ್ತೊಮ್ಮೆ ಒತ್ತಿದರು. ಮತ್ತೊಮ್ಮೆ. ಆ ಒಂದೇ ಸ್ವರವನ್ನು ಹಿಡಿದುಕೊಂಡು ತಲೆ ಬಗ್ಗಿಸಿ ಕುಳಿತರು. "ಇದು ಆಯಿದನ" ಎಂದರು, ನನಗಲ್ಲ, ಹೆಂಡತಿಗೆ. ಸಣ್ಣವರಿದ್ದಾಗ ತಾಯಿ ರೊಟ್ಟಿ ಬಡಿಯುತ್ತ ಈ ಸಾಲು ಹಾಡುವಾಗ ಇದೇ ಜಾಗದಲ್ಲಿ ಮನೆಯವರೆಲ್ಲ ನಗುತ್ತಿದ್ದರಂತೆ, ಆಯಿಯ ಸುರ ಜಾರಿತು ಎಂದು.

ಪೇಟಿಯನ್ನು ಎತ್ತಿಕೊಂಡು ಒಳಗೆ ಹೋದರು. ಪರದೆ ಸರಿದೇ ಇತ್ತು. ನಾನು ಹೊರಗೆ ಹೋಗಬೇಕಿತ್ತು, ಹೋಗಲಿಲ್ಲ. ಅವರು ನೆಲದ ಮೇಲೆ ಕುಳಿತು ಅದೇ ಸಾಲನ್ನು ಬಾರಿಸಿದರು. ಪದ್ಮಕ್ಕ ಗೋಡೆಯ ಕಡೆ ತಿರುಗಲಿಲ್ಲ. ಕಣ್ಣು ಬಿಟ್ಟು ಮಗನ ಬೆರಳುಗಳನ್ನು ನೋಡುತ್ತಿದ್ದರು. ಎಳೆದ ತುಟಿ ಮೆಲ್ಲಗೆ ಆಡುತ್ತಿತ್ತು, ಹಾಡುವವರ ತುಟಿಯಂತೆ. ಪಾರೀಸ ಬಾರಿಸುವುದನ್ನು ನಿಲ್ಲಿಸಿ ಕಿವಿಯನ್ನು ಆ ತುಟಿಯ ಹತ್ತಿರಕ್ಕೆ ಒಯ್ದರು. ನಳಿಗೆಯ ಸುಯ್ ಸುಯ್ ಬಿಟ್ಟರೆ ಏನೂ ಇರಲಿಲ್ಲ. ನನಗೂ ಕೇಳಲಿಲ್ಲ.

ಅಲ್ಲಿಂದ ಬಂದ ಮೇಲೆ ನಾನು ಇದಕ್ಕೆ ಕಾರಣ ಹುಡುಕದೆ ಬಿಡಲಿಲ್ಲ. ನಮ್ಮ ಓಣಿಯ ಡಾಕ್ಟರರನ್ನು ಕೇಳಿದೆ. ಲಕ್ವಾ ಹೊಡೆದು ಮಾತು ಹೋದವರಲ್ಲಿ ಕೆಲವರು ಹಾಡಬಲ್ಲರು, ಮಾತಿಗೂ ಹಾಡಿಗೂ ಮೆದುಳಿನಲ್ಲಿ ಜಾಗ ಬೇರೆ ಬೇರೆ ಎಂದರು. ನನಗೆ ಎಷ್ಟು ಸಮಾಧಾನವಾಯಿತೆಂದರೆ ಅಲ್ಲೇ ಕೈ ಮುಗಿದುಬಿಟ್ಟೆ. ಆಮೇಲೆ ಕುತ್ತಿಗೆಯ ನಳಿಗೆಯ ವಿಷಯ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಂಗಾದ್ರ ಉಸರ ದನಿಪೆಟ್ಟಿಗಿಗೆ ಹೋಗೂದ ಇಲ್ಲಲ್ಲ. ನಳಗಿ ಸಡಲ ಇದ್ರ ಒಂದೀಟು ಹೋದೀತು. ಅಷ್ಟುದ್ದ ದನಿ ಅಂದ್ರ..." ಎಂದು ಅಲ್ಲಿಗೇ ಬಿಟ್ಟರು.

ನನ್ನ ಕಿವಿಯೇ ಮೋಸ ಮಾಡಿತೇ? ಕೇಳಬೇಕೆಂದು ಕಾದವರಿಗೆ ಇಲ್ಲದ ದನಿ ಕೇಳುತ್ತದೆ, ಅದು ನನಗೆ ಗೊತ್ತು. ಹಾಗಾದರೆ ನಾನು ಕಾದಿದ್ದ ಧೈವತ ಕೇಳಬೇಕಿತ್ತು. ಕೇಳಿದ್ದು ನಾನು ಬೇಡವೆಂದು ಜಗಳಾಡಿದ ಧೈವತ. ಒಂದು ಸಾಲಿಗೆ ಕಾಗದ ತುರುಕಿದ್ದ ಪೇಟಿಯಲ್ಲಿ ಒಂದೇ ನಾಲಿಗೆ ನುಡಿಯುತ್ತಿತ್ತು, ಆದರೂ ಅಲೆ ಏಳುತ್ತಿತ್ತು. ಒಂದೇ ಸದ್ದಿನಿಂದ ಅಲೆ ಏಳುವುದಿಲ್ಲ. ಅಂಗಡಿಯಲ್ಲಿ ಬೇರೊಂದು ಪೇಟಿ ತೆಗೆದುಕೊಂಡು ಅದೇ ನೆಲೆಗೆ ಧೈವತ ಹಚ್ಚಲು ನೋಡಿದೆ. ಫೋನಿನಲ್ಲಿ ಸ್ವರ ಅಳೆದು ತೋರಿಸುವ ಮುಳ್ಳು ನೋಡಿ ಅಲ್ಲಿ ಇಲ್ಲಿ ಇಟ್ಟೆ. ಎಲ್ಲಿಟ್ಟರೂ ಅದು ಬರೀ ಬೇಸುರು. ಎರಡು ರೀಡು ಹಾಳು ಮಾಡಿ ಕೈಬಿಟ್ಟೆ.

ಮುಂದಿನ ಮಳೆಗಾಲದಲ್ಲಿ ಪದ್ಮಕ್ಕ ತೀರಿಕೊಂಡರೆಂದು ಮೂಡಲಗಿಯ ಮಾಸ್ತರರು ಹೇಳಿದರು. ಕೊನೆಯವರೆಗೂ ಬೆಳಿಗ್ಗೆ ಮಗ ಬಾರಿಸುವಾಗ ಅವನ ಕಡೆಗೇ ಮುಖ ಮಾಡಿ ಮಲಗುತ್ತಿದ್ದರಂತೆ. ಕೇಳಿ ನನಗೆ ಸಂತೋಷವಾಗಬೇಕಿತ್ತು. ಆಯಿತು ಎಂದು ಹೇಳಿದರೆ ಪೂರ್ತಿ ಸುಳ್ಳಲ್ಲ. ಆದರೆ ಹುಕ್ಕೇರಿಯ ಕಡೆ ಕೆಲಸ ಬಂದರೆ ಇವತ್ತಿಗೂ ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳುತ್ತೇನೆ. ಅದೇಕೆಂದು ಹೇಳದೆ ಇದನ್ನು ಮುಗಿಸುವಂತಿಲ್ಲ. ಬರೆಯಲು ಕೂತಾಗಿನಿಂದ ಇದೊಂದನ್ನೇ ಮುಂದೆ ಮುಂದೆ ತಳ್ಳುತ್ತ ಬಂದಿದ್ದೇನೆ.

ಆ ಸಂಜೆ ನಾನು ಹೇಳದೆ ಕೇಳದೆ ಹೊರಟಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಪಾರೀಸ ಓಡುತ್ತ ಬಂದರು. ಊಟವನ್ನೂ ಬಿಟ್ಟು ಬಂದಿದ್ದರು, ಹೊತ್ತು ಮುಳುಗಿತ್ತು, ಇನ್ನು ಅವತ್ತು ಅವರು ಉಣ್ಣುವಂತಿರಲಿಲ್ಲ. ಸಿಟ್ಟಿನಲ್ಲಿ ಆಡಿದ್ದಕ್ಕೆ ಬೇಸರಪಟ್ಟುಕೊಳ್ಳಬೇಡಿ ಎಂದರು. ಬಸ್ಸು ಬಂತು. ನನ್ನ ಚೀಲವನ್ನು ತಾವೇ ಎತ್ತಿಕೊಂಡರು, ಆದರೆ ಕೊಡಲಿಲ್ಲ. ಮಕ್ಕಳು ಮಿಠಾಯಿ ಕೇಳುವಾಗ ನೋಡುವಂತೆ ನನ್ನನ್ನು ನೋಡಿದರು.

"ಖರೆ ಹೇಳ್ರಿ ಅಕ್ಕಾರ. ಆಯಿ ಮತ್ತೇನಾರ ಅಂದ್ಲೇನ್ರಿ? ನನ್ನ ಹೆಸರು ಏನಾರ ತಗೊಂಡ್ಲೇನ್ರಿ?"

ಹೌದು ಎಂದುಬಿಡಬಹುದಿತ್ತು. ಒಂದು ಸುಳ್ಳಿಗೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ನಾನು ಇಲ್ಲ ಎಂದೆ. ಅವರು ತಲೆಯಾಡಿಸಿ, ಚೀಲವನ್ನು ನನ್ನ ಕೈಗೆ ಕೊಟ್ಟು ಹೋದರು.

ಆ ದನಿ ಎಲ್ಲಿಂದ ಬಂತೋ ನನಗೆ ತಿಳಿಯದು. ಯಾರಿಗೆ ಸೇರಬೇಕಾದದ್ದು ಎಂಬುದು ಮಾತ್ರ ತಿಳಿದಿದೆ. ವರ್ಷಗಟ್ಟಲೆ ಒಬ್ಬ ಮಗ ಆ ದನಿಯಲ್ಲಿ ಒಂದು ಮಾತಿಗಾಗಿ ಕಾದು ಕುಳಿತಿದ್ದ. ನನಗೋ, ಒಂದು ಮಧ್ಯಾಹ್ನ ಪೂರ್ತಿ ಅದು ನಾನು ಬೇಡಿದ್ದನ್ನೆಲ್ಲ ಕೊಟ್ಟಿತು. ನಾನು ಬೇಡಿದ್ದು ಬರೀ ರಿಷಭ, ಗಾಂಧಾರ, ಧೈವತ.